ಬ್ರಿಟನ್ನಿನ ಸಹಾಯಧನ: ಸ್ವಾತಂತ್ರ್ಯ ಬಂತು, ಭರವಸೆ ಹೋಯಿತು

ಬ್ರಿಟನ್ ಐರೋಪ್ಯ ಒಕ್ಕೂಟವನ್ನು ಬಿಟ್ಟದ್ದು ಸರಿಯೋ ತಪ್ಪೋ ಎಂಬ ಜಗಳ ಇನ್ನೂ ತಣ್ಣಗಾಗಿಲ್ಲ. ಆದರೂ ಒಂದು ಮಾತು ಎರಡೂ ಪಾಳಯಗಳಲ್ಲಿ ಕೇಳಿಬರುತ್ತದೆ: ಬೇರೆಲ್ಲ ಏನೇ ಇರಲಿ, ಕೃಷಿ ಸಹಾಯಧನದ ಮಟ್ಟಿಗೆ ಹೊರಬಂದದ್ದು ಒಳ್ಳೆಯದೇ ಆಯಿತು. ಬ್ರಸೆಲ್ಸ್‌ನವರು ಹೊಲಿದುಕೊಟ್ಟ ಕೆಟ್ಟ ಪದ್ಧತಿ ತೊಲಗಿತು, ಇನ್ನು ಹಣವೂ ನಮ್ಮದು, ತೀರ್ಮಾನವೂ ನಮ್ಮದು, ಜಮೀನು ಇಟ್ಟುಕೊಂಡದ್ದಕ್ಕೆ ಕೊಡುತ್ತಿದ್ದ ದುಡ್ಡನ್ನು ಸಮಾಜಕ್ಕೆ ಬೇಕಾದ ಕೆಲಸ ಮಾಡಿದವರಿಗೆ ಕೊಡಬಹುದು ಎಂಬುದು ಇದರ ತಾತ್ಪರ್ಯ. ಒಕ್ಕೂಟದಲ್ಲೇ ಉಳಿಯಬೇಕೆಂದು ವಾದಿಸಿದ ಪರಿಸರವಾದಿಗಳಲ್ಲೂ ಅನೇಕರು ಇಷ್ಟನ್ನು ಒಪ್ಪಿಕೊಂಡರು. ಈ ಅಭಿಪ್ರಾಯ ಪೂರಾ ಸುಳ್ಳಲ್ಲ. ಆದರೆ ಇದರಲ್ಲಿ ಮೂರು ಪ್ರಶ್ನೆಗಳು ಒಂದರೊಳಗೊಂದು ಕಲಸಿಹೋಗಿವೆ: ಸಹಾಯಧನ ಎಷ್ಟು, ಯಾತಕ್ಕೆ, ಎಷ್ಟು ಕಾಲಕ್ಕೆ. ಮೊದಲೆರಡರ ಬಗ್ಗೆ ಬ್ರಿಟನ್ ಹತ್ತು ವರ್ಷ ಚರ್ಚಿಸಿತು. ಮೂರನೆಯದನ್ನು ಬಹುತೇಕ ಕೇಳಲೇ ಇಲ್ಲ. ಬೇಸಾಯದ ಮಟ್ಟಿಗೆ ಆ ಮೂರನೆಯದೇ ಉಳಿದೆರಡಕ್ಕೆ ಬೆಲೆ ಕಟ್ಟುತ್ತದೆ ಎಂಬುದು ನನ್ನ ವಾದ.

ಹಳೆಯ ಪದ್ಧತಿಯ ವಿರುದ್ಧ ಹೇಳಬೇಕಾದ್ದನ್ನು ಮೊದಲು ಹೇಳಿಬಿಡೋಣ. 1962ರಲ್ಲಿ ಜಾರಿಗೆ ಬಂದ ಯುರೋಪಿನ ಸಮಾನ ಕೃಷಿ ನೀತಿ, ಯುದ್ಧಕಾಲದ ಹಸಿವನ್ನು ಕಂಡಿದ್ದ ಜನ ಮಾಡಿದ ನೀತಿ. ಬೆಳೆಗೆ ಎತ್ತರದ ಬೆಲೆ ಗೊತ್ತುಮಾಡುವುದು, ಆ ಬೆಲೆಗೆ ಕೊಳ್ಳುವವರಿಲ್ಲದಿದ್ದರೆ ಸರ್ಕಾರವೇ ಕೊಂಡು ದಾಸ್ತಾನು ಮಾಡುವುದು, ಗಡಿಯಲ್ಲಿ ಸುಂಕ ಹಾಕಿ ಹೊರಗಿನ ಅಗ್ಗದ ಮಾಲನ್ನು ತಡೆಯುವುದು, ಇದು ಅದರ ರೀತಿ. ಫಲವಾಗಿ ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಬೆಣ್ಣೆ, ಹಾಲಿನಪುಡಿ, ದ್ರಾಕ್ಷಾರಸ ಗೋದಾಮುಗಳಲ್ಲಿ ಬೆಟ್ಟವಾಗಿ ಬಿದ್ದವು. ಹೆಚ್ಚಾದದ್ದನ್ನು ರಫ್ತು ಸಹಾಯಧನ ಕೊಟ್ಟು ಬಡ ದೇಶಗಳ ಮಾರುಕಟ್ಟೆಗೆ ಸುರಿದರು. ಹಾಲಿಗೆ 1984ರಲ್ಲಿ ಕೋಟಾ ಬಂತು. 1992ರ ಸುಧಾರಣೆಯಲ್ಲಿ ಬೆಂಬಲ ಬೆಲೆ ಇಳಿಸಿ ರೈತರಿಗೆ ನೇರ ಪಾವತಿ ಶುರುಮಾಡಿದರು. 2003ರ ಸುಧಾರಣೆಯ ನಂತರ ಏನು ಬೆಳೆದೆ, ಎಷ್ಟು ಬೆಳೆದೆ ಎಂಬ ಪ್ರಶ್ನೆಯೇ ಇಲ್ಲದೆ ಹಿಡುವಳಿಯ ವಿಸ್ತೀರ್ಣಕ್ಕೆ ಹಣ ಬರತೊಡಗಿತು. ಬ್ರಿಟನ್ ಒಕ್ಕೂಟದಲ್ಲಿದ್ದ ಕೊನೆಯ ವರ್ಷಗಳಲ್ಲಿ ಇಂಗ್ಲೆಂಡಿನ ಬಯಲು ಸೀಮೆಯ ದರ ಹೆಕ್ಟೇರಿಗೆ ಸುಮಾರು 233 ಪೌಂಡ್. ಇಪ್ಪತ್ತು ಹೆಕ್ಟೇರಿನವನಿಗೆ 4,660, ಸಾವಿರ ಹೆಕ್ಟೇರಿನವನಿಗೆ 2,33,000. ಮೇಲಿನ ಹತ್ತು ಶೇಕಡಾ ಫಲಾನುಭವಿಗಳ ಕೈಗೆ ಒಟ್ಟು ಹಣದ ಹತ್ತಿರ ಹತ್ತಿರ ಅರ್ಧ ಹೋಗುತ್ತಿತ್ತು, ಕೆಳಗಿನ ಇಪ್ಪತ್ತು ಶೇಕಡಾ ಮಂದಿಗೆ ಎರಡು ಶೇಕಡಾ. ಇದನ್ನು ಬಡ ರೈತನ ನೆರವು ಎಂದು ಕರೆಯಲು ಗಟ್ಟಿ ಧೈರ್ಯ ಬೇಕು.

ಇಲ್ಲಿ ಅರ್ಥಶಾಸ್ತ್ರದ ಒಂದು ಹಳೆಯ ಪಾಠವೂ ಸೇರುತ್ತದೆ. ಭೂಮಿಗೆ ಬರುವ ಹೆಚ್ಚುವರಿ ಆದಾಯ ಕೊನೆಗೆ ಭೂಮಾಲೀಕನ ಗೇಣಿಯಾಗಿ ಸೇರಿಕೊಳ್ಳುತ್ತದೆ ಎಂದು ಡೇವಿಡ್ ರಿಕಾರ್ಡೊ ಎರಡು ಶತಮಾನದ ಹಿಂದೆಯೇ ತೋರಿಸಿದ್ದ. ಇಂಗ್ಲೆಂಡಿನ ಜಮೀನಿನಲ್ಲಿ ಸುಮಾರು ಮೂರನೇ ಒಂದು ಭಾಗ ಗೇಣಿಯದು. ಹೆಕ್ಟೇರಿಗೆ ಇಷ್ಟು ಎಂದು ಖಾತ್ರಿಯಾಗಿ ಬರುವ ಹಣ ಗೇಣಿದಾರನ ಖಾತೆಗೇ ಜಮೆಯಾಗಲಿ, ಗೇಣಿ ಗೊತ್ತುಮಾಡುವಾಗ ಮಾಲೀಕ ಅದನ್ನು ಲೆಕ್ಕಕ್ಕೆ ಹಿಡಿಯದೆ ಬಿಡುತ್ತಾನೆಯೇ? ಈ ಗೋಜಲು ನಮಗೆ ಹೊಸದಲ್ಲ. ಪಿಎಂ ಕಿಸಾನ್‌ನ ವರ್ಷಕ್ಕೆ 6,000 ರೂಪಾಯಿಯಾಗಲಿ, ತೆಲಂಗಾಣ 2018ರಲ್ಲಿ ಆರಂಭಿಸಿದ್ದ ರೈತ ಬಂಧುವಾಗಲಿ, ದಾಖಲೆಯಲ್ಲಿ ಹೆಸರಿರುವವನನ್ನು ಹುಡುಕಿಕೊಂಡು ಹೋಗುವ ಯೋಜನೆಗಳೇ. 1974ರ ಭೂಸುಧಾರಣೆಯ ನಂತರ ಕರ್ನಾಟಕದಲ್ಲಿ ಗೇಣಿ ಕಾನೂನಿನ ಕಣ್ಣಿಗೆ ಇಲ್ಲ, ಊರಿನಲ್ಲಿ ಬಾಯಿಮಾತಿನ ಮೇಲೆ ಇದೆ. ಹಾಗೆ ಮಾಡುವವನ ಹೆಸರು ಪಹಣಿಯಲ್ಲಿರುವುದಿಲ್ಲ, ಹಣ ಅವನಿಗೆ ಬರುವುದೂ ಇಲ್ಲ. ಆದ್ದರಿಂದ ವಿಸ್ತೀರ್ಣದ ಪಾವತಿಯನ್ನು ಕೈಬಿಟ್ಟದ್ದಕ್ಕೆ ಬ್ರಿಟನ್ನಿನ ಮೇಲೆ ನನಗೆ ತಕರಾರಿಲ್ಲ. ಆದರೆ ಪಾವತಿ ನಿಂತ ಕೂಡಲೇ ಗೇಣಿಯೂ ಇಳಿಯುತ್ತದೆ ಎಂಬುದು ಪಠ್ಯಪುಸ್ತಕದ ಆಸೆ. ಬ್ರಿಟನ್ನಿನಲ್ಲಿ ಜಮೀನು ಕೊಳ್ಳುವವರೆಲ್ಲ ಬೇಸಾಯದ ಲಾಭ ನೋಡಿ ಕೊಳ್ಳುವವರಲ್ಲ. ವಾರಸಾ ತೆರಿಗೆಯ ವಿನಾಯಿತಿಗಾಗಿ, ಮನೆ ಕಟ್ಟುವ ಅನುಮತಿ ಸಿಕ್ಕೀತೆಂಬ ನಿರೀಕ್ಷೆಗಾಗಿ, ಹಳ್ಳಿಯ ಬದುಕಿನ ಮೋಹಕ್ಕಾಗಿ ಕೊಳ್ಳುವವರೂ ಇದ್ದಾರೆ. ಸಹಾಯಧನ ಏರುವಾಗ ಗೇಣಿ ಚುರುಕಾಗಿ ಏರುತ್ತದೆ, ಇಳಿಯುವಾಗ ಕುಂಟುತ್ತದೆ. ನಡುವಿನ ವರ್ಷಗಳ ನಷ್ಟವನ್ನು ಹೊರುವವನು ಗೇಣಿದಾರ.

ಸಹಾಯಧನವನ್ನೇ ಪೂರಾ ಕಿತ್ತುಹಾಕಿ ಎನ್ನುವವರ ಕೈಯಲ್ಲಿ ಯಾವಾಗಲೂ ಒಂದು ಉದಾಹರಣೆ ಸಿದ್ಧವಿರುತ್ತದೆ: ನ್ಯೂಜಿಲೆಂಡ್. 1984ರಲ್ಲಿ ಅಧಿಕಾರಕ್ಕೆ ಬಂದ ಲೇಬರ್ ಸರ್ಕಾರದ ಹಣಕಾಸು ಸಚಿವ ರೋಜರ್ ಡಗ್ಲಸ್ ರೈತರಿಗೆ ಸಿಗುತ್ತಿದ್ದ ಬೆಂಬಲವನ್ನು ಕೆಲವೇ ವರ್ಷಗಳಲ್ಲಿ ಹೆಚ್ಚುಕಡಿಮೆ ಪೂರ್ತಿ ತೆಗೆದರು. ಹತ್ತರಲ್ಲೊಂದು ಹಿಡುವಳಿ ಮುಳುಗುತ್ತದೆ ಎಂಬ ಭಯವಿತ್ತು. ಬಲವಂತವಾಗಿ ಮಾರಬೇಕಾಗಿ ಬಂದದ್ದು ನೂರಕ್ಕೆ ಒಂದರಷ್ಟು. ಇದು ನಿಜ, ಸಹಾಯಧನವಿಲ್ಲದೆ ಬೇಸಾಯವೇ ಇಲ್ಲ ಎನ್ನುವವರು ಇದನ್ನು ಎದುರಿಸಲೇಬೇಕು. ಆದರೆ ಉದಾಹರಣೆಯನ್ನು ಪೂರ್ತಿ ಓದಬೇಕು. ಅದೇ ವರ್ಷ ಅಲ್ಲಿನ ಡಾಲರಿನ ಬೆಲೆಯನ್ನು ಇಪ್ಪತ್ತು ಶೇಕಡಾ ಇಳಿಸಿದರು, ಮರುವರ್ಷ ಅದನ್ನು ಮಾರುಕಟ್ಟೆಗೇ ಬಿಟ್ಟರು. ಬೆಳೆದದ್ದರಲ್ಲಿ ಬಹುಪಾಲನ್ನು ರಫ್ತು ಮಾಡುವ ದೇಶಕ್ಕೆ ಇದು ಸಣ್ಣ ಆಸರೆಯಲ್ಲ. ಕೃಷಿಯೊಂದನ್ನೇ ಆರಿಸಿ ಹೊಡೆಯಲಿಲ್ಲ, ಕೈಗಾರಿಕೆಯ ರಕ್ಷಣೆಯೂ ಕರಗಿತು, ರೈತ ಕೊಳ್ಳುವ ಸಾಮಾನಿನ ಮೇಲಿನ ಸುಂಕವೂ ಇಳಿಯಿತು. ಸಾಲಗಳನ್ನು ಮರುಹೊಂದಿಸಲಾಯಿತು. ಬ್ರಿಟನ್ನಿನ ಸ್ಥಿತಿ ಬಹುಮಟ್ಟಿಗೆ ಇದರ ವಿರುದ್ಧ. ತಿನ್ನುವುದರಲ್ಲಿ ಸುಮಾರು ಅರವತ್ತು ಶೇಕಡಾವನ್ನಷ್ಟೇ ತಾನು ಬೆಳೆದುಕೊಳ್ಳುವ ದೇಶ ಅದು. ಹೊರಗೆ ಮಾರುವ ಕುರಿಮಾಂಸದಲ್ಲಿ ಬಹುಪಾಲು ಹೋಗುವುದು ಐರೋಪ್ಯ ಒಕ್ಕೂಟಕ್ಕೆ, ಅಲ್ಲಿ ಪೈಪೋಟಿಗೆ ನಿಂತ ಫ್ರೆಂಚ್, ಐರಿಶ್ ರೈತರಿಗೆ ಸಹಾಯಧನ ಇಂದಿಗೂ ಇದೆ. ಇನ್ನೊಂದು ಸಂಗತಿಯನ್ನು ನ್ಯೂಜಿಲೆಂಡ್ ಭಕ್ತರು ಹೇಳುವುದಿಲ್ಲ. ಎಂಬತ್ತರ ದಶಕದ ಆರಂಭದಲ್ಲಿ ಅಲ್ಲಿ ಸುಮಾರು ಏಳು ಕೋಟಿ ಕುರಿಗಳಿದ್ದವು, ಈಗ ಮೂರು ಕೋಟಿಗೂ ಕಡಿಮೆ. ಕುರಿ ಹೋದ ಕಡೆ ಎಷ್ಟೋ ಜಾಗದಲ್ಲಿ ಹಸು ಬಂತು, ಕ್ಯಾಂಟರ್ಬರಿ ಬಯಲಿನ ಅಂತರ್ಜಲದಲ್ಲಿ ನೈಟ್ರೇಟ್ ಸೇರಿತು. ಸಹಾಯಧನ ಹೋದರೆ ರೈತ ಉಳಿಯಬಹುದು, ಯಾವ ಬಗೆಯ ಬೇಸಾಯ ಉಳಿಯುತ್ತದೆ ಎಂಬುದು ಬೇರೆ ಪ್ರಶ್ನೆ.

ಸಹಾಯಧನದ ಚರ್ಚೆಯಲ್ಲಿ ಜನ ಮರೆಯುವ ದೊಡ್ಡ ಸಂಗತಿ ಗಡಿ. ಬಜೆಟ್ಟಿನ ಪುಟದಲ್ಲಿ ಕಾಣುವ ಹಣವೊಂದೇ ರೈತನಿಗೆ ಸಿಗುವ ಬೆಂಬಲವಲ್ಲ, ಆಮದು ಸುಂಕವೂ ಬೆಂಬಲವೇ. ವ್ಯತ್ಯಾಸವಿಷ್ಟೆ: ಮೊದಲನೆಯದನ್ನು ತೆರಿಗೆದಾರ ಕೊಡುತ್ತಾನೆ, ಎರಡನೆಯದನ್ನು ಅಂಗಡಿಯಲ್ಲಿ ಗಿರಾಕಿ ಕೊಡುತ್ತಾನೆ. ಬ್ರಿಟನ್ ಇವೆರಡನ್ನೂ ತನ್ನ ಇತಿಹಾಸದಲ್ಲೇ ಪ್ರಯೋಗ ಮಾಡಿ ನೋಡಿದೆ. 1947ರ ಕೃಷಿ ಕಾಯ್ದೆಯ ಕಾಲದಲ್ಲಿ ಗಡಿ ಬಹುಮಟ್ಟಿಗೆ ತೆರೆದೇ ಇತ್ತು. ಕಾಮನ್‌ವೆಲ್ತ್ ದೇಶಗಳ ಅಗ್ಗದ ಬೆಣ್ಣೆ, ಮಾಂಸ, ಗೋಧಿ ಬರುತ್ತಿದ್ದವು, ಮಾರುಕಟ್ಟೆಯ ಬೆಲೆಗೂ ಸರ್ಕಾರ ಮಾತುಕೊಟ್ಟ ಬೆಲೆಗೂ ಇರುವ ಅಂತರವನ್ನು ಖಜಾನೆ ರೈತರಿಗೆ ತುಂಬಿಕೊಡುತ್ತಿತ್ತು. 1973ರಲ್ಲಿ ಯುರೋಪಿನ ಕೂಟ ಸೇರಿದ ಮೇಲೆ ಗಡಿ ಮುಚ್ಚಿತು, ಊಟ ದುಬಾರಿಯಾಯಿತು. ಎರಡರಲ್ಲೂ ಒಂದು ಬಾಗಿಲು ತೆರೆದರೆ ಇನ್ನೊಂದನ್ನು ಮುಚ್ಚುವ ಲೆಕ್ಕಾಚಾರವಿತ್ತು. 2020ರ ನಂತರ ನಡೆದದ್ದು ಹಾಗಲ್ಲ. ಆಸ್ಟ್ರೇಲಿಯಾದ ಜೊತೆ 2021ರ ಡಿಸೆಂಬರ್‌ನಲ್ಲಿ, ನ್ಯೂಜಿಲೆಂಡಿನ ಜೊತೆ ಅದರ ಬೆನ್ನಿಗೇ ಒಪ್ಪಂದವಾಯಿತು. ಆಸ್ಟ್ರೇಲಿಯಾದ ದನದ ಮಾಂಸ ಮೊದಲ ವರ್ಷ 35,000 ಟನ್, ಹತ್ತನೇ ವರ್ಷಕ್ಕೆ 1,10,000 ಟನ್ ಸುಂಕವಿಲ್ಲದೆ ಬರಬಹುದು. ಈ ಒಪ್ಪಂದ ಅಷ್ಟೇನೂ ಒಳ್ಳೆಯದಲ್ಲವೆಂದು ಮಾಜಿ ಕೃಷಿ ಸಚಿವ ಜಾರ್ಜ್ ಯೂಸ್ಟಿಸ್ 2022ರ ನವೆಂಬರ್‌ನಲ್ಲಿ ಸಂಸತ್ತಿನಲ್ಲೇ ಹೇಳಿದರು. ಅವರು ಸಚಿವರಾಗಿದ್ದಾಗಲೇ ಅದಕ್ಕೆ ಸಹಿ ಬಿದ್ದಿತ್ತು ಎಂಬುದು ಬೇರೆ ಮಾತು. ಯುರೋಪಿನ ಕಡೆಯ ಗಡಿಯಲ್ಲಿ ಇನ್ನೂ ವಿಚಿತ್ರ. 2021ರ ಜನವರಿಯಿಂದಲೇ ಬ್ರಿಟನ್ನಿನ ಮಾಂಸಕ್ಕೆ ಪಶುವೈದ್ಯರ ಪ್ರಮಾಣಪತ್ರ, ತಪಾಸಣೆ ಶುರುವಾದವು. ಅತ್ತಲಿಂದ ಬರುವ ಮಾಲಿಗೆ ಬ್ರಿಟನ್ ತನ್ನ ತಪಾಸಣೆಯನ್ನು ಮುಂದೂಡುತ್ತ ಮುಂದೂಡುತ್ತ 2024ಕ್ಕೆ ತಂದಿತು. ಸಹಾಯಧನ ಇಳಿಸುವ ಇಲಾಖೆ ಒಂದು, ಗಡಿ ತೆರೆಯುವ ಇಲಾಖೆ ಇನ್ನೊಂದು. ಎರಡೂ ಒಂದೇ ರೈತನ ಲೆಕ್ಕಪುಸ್ತಕಕ್ಕೆ ಬಂದು ಬೀಳುತ್ತವೆ ಎಂಬುದನ್ನು ನೋಡುವ ಹೊಣೆ ಯಾರದೂ ಆಗಿರಲಿಲ್ಲ. ನಮ್ಮಲ್ಲಿ ನೋಡಿ: ಭಾರತ 2019ರ ನವೆಂಬರ್‌ನಲ್ಲಿ ಏಷ್ಯಾ-ಪೆಸಿಫಿಕ್ ದೇಶಗಳ ಆರ್‌ಸಿಇಪಿ ವ್ಯಾಪಾರ ಒಪ್ಪಂದದಿಂದ ಹಿಂದೆ ಸರಿದಾಗ ಹೈನುಗಾರರ ಆತಂಕವೂ ಒಂದು ಕಾರಣವಾಗಿತ್ತು. 2025ರ ಜುಲೈನಲ್ಲಿ ಇದೇ ಬ್ರಿಟನ್ನಿನೊಡನೆ ಸಹಿ ಹಾಕಿದಾಗಲೂ ಹಾಲಿನ ಪದಾರ್ಥಗಳನ್ನು ಹೊರಗಿಟ್ಟಿತು. ನಮ್ಮ ಹಾಲು ಒಕ್ಕೂಟಗಳಿಗೆ ಸಿಗುವ ಆ ರಕ್ಷಣೆ ಯಾವ ಬಜೆಟ್ ಭಾಷಣದಲ್ಲೂ ಕಾಣುವುದಿಲ್ಲ.

ಇನ್ನು ಹೊಸ ನೀತಿಯ ತಿರುಳಿಗೆ ಬರೋಣ. ಸಾರ್ವಜನಿಕ ಹಣ ಸಾರ್ವಜನಿಕ ಹಿತದ ಕೆಲಸಕ್ಕೆ ಎಂಬುದು 2018ರಲ್ಲಿ ಆಗಿನ ಪರಿಸರ ಸಚಿವ ಮೈಕೆಲ್ ಗೋವ್ ಮುಂದಿಟ್ಟ ಸೂತ್ರ, 2020ರ ಕೃಷಿ ಕಾಯ್ದೆಯ ಬೆನ್ನೆಲುಬು. ಶುದ್ಧ ನೀರು, ಗಟ್ಟಿ ಮಣ್ಣು, ಜೀವಂತ ಬೇಲಿಸಾಲು, ಹಕ್ಕಿ, ಜೇನು, ಇವಕ್ಕೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ, ಆದ್ದರಿಂದ ಸರ್ಕಾರ ಕೊಳ್ಳಲಿ. ಸಹಾಯಧನದ ಬಗ್ಗೆ ಈಚಿನ ದಶಕಗಳಲ್ಲಿ ಬಂದ ಅತಿ ಬುದ್ಧಿವಂತ ವಿಚಾರ ಇದೇ ಎಂದು ಒಪ್ಪಿಕೊಂಡೇ, ಅದು ಹಳೆಯ ಪಾವತಿಯ ಜಾಗವನ್ನು ತುಂಬುತ್ತದೆ ಎಂಬ ನಂಬಿಕೆಯನ್ನು ಬಿಡಿಸಿ ನೋಡಬೇಕು.

1. ವಿಶ್ವ ವ್ಯಾಪಾರ ಸಂಸ್ಥೆಯ ಕೃಷಿ ಒಪ್ಪಂದದಲ್ಲಿ ಪರಿಸರ ಕಾರ್ಯಕ್ರಮದ ಪಾವತಿಗೆ ಹಸಿರು ಪೆಟ್ಟಿಗೆಯ (ವ್ಯಾಪಾರವನ್ನು ಕೆಡಿಸದ ಸಹಾಯಧನಗಳ ಪಟ್ಟಿಯ) ವಿನಾಯಿತಿ ಬೇಕಾದರೆ ಷರತ್ತೊಂದಿದೆ. ಆ ಕೆಲಸದಿಂದ ರೈತನಿಗೆ ತಗಲುವ ಹೆಚ್ಚಿನ ಖರ್ಚು ಅಥವಾ ಅದರಿಂದ ಕೈತಪ್ಪುವ ಆದಾಯ, ಇಷ್ಟನ್ನು ಮೀರಿ ಕೊಡುವಂತಿಲ್ಲ. ಅಂದರೆ ತರ್ಕದಂತೆ ಈ ಪಾವತಿಯಲ್ಲಿ ಲಾಭ ಉಳಿಯಕೂಡದು. ಹಳೆಯ ಪಾವತಿ ಅನೇಕ ಹಿಡುವಳಿಗಳಲ್ಲಿ ನಿವ್ವಳ ಲಾಭದ ಅರ್ಧಕ್ಕಿಂತ ಹೆಚ್ಚಿನ ಭಾಗವಾಗಿತ್ತು. ಖರ್ಚನ್ನು ತುಂಬಿಕೊಡುವ ಹಣ ಲಾಭದ ಜಾಗದಲ್ಲಿ ಕೂರುವುದು ಹೇಗೆ? ಒಕ್ಕೂಟ ಬಿಟ್ಟರೂ ವಿಶ್ವ ವ್ಯಾಪಾರ ಸಂಸ್ಥೆಯನ್ನು ಬಿಟ್ಟಿಲ್ಲವಲ್ಲ.

2. ದರ ಗೊತ್ತುಮಾಡಿದ್ದರಲ್ಲೂ ತೊಡಕಿದೆ. ಚಳಿಗಾಲದಲ್ಲಿ ಹಕ್ಕಿಗಳಿಗೆ ಕಾಳು ಸಿಗಲೆಂದು ಬಿತ್ತಿಬಿಟ್ಟ ಉಳುಮೆ ಹೊಲಕ್ಕೆ ಹೆಕ್ಟೇರಿಗೆ 853 ಪೌಂಡ್ ಎಂದಿತು ಈ ಸೂತ್ರದಂತೆ ಇಂಗ್ಲೆಂಡ್ ತಂದ ಸುಸ್ಥಿರ ಬೇಸಾಯ ಯೋಜನೆ. ಗೋಧಿಯ ಬೆಲೆ ಇಳಿದ ಹಂಗಾಮಿನಲ್ಲಿ ಇದಕ್ಕಿಂತ ಒಳ್ಳೆಯ ಬೆಳೆ ಯಾವುದು? 2024ರ ಮಾರ್ಚ್‌ನಲ್ಲಿ ಸರ್ಕಾರ ಎಚ್ಚೆತ್ತು, ಆಹಾರ ಬೆಳೆಯದಂಥ ಕೆಲವು ಕೆಲಸಗಳನ್ನು ಹಿಡುವಳಿಯ ಕಾಲು ಭಾಗಕ್ಕೆ ಮಿತಿಗೊಳಿಸಿತು. ಅತ್ತ ಗುಡ್ಡಗಾಡಿನಲ್ಲಿ ಕುರಿ ಸಾಕುವವನಿಗೆ ಬಿತ್ತಲು ಹೊಲವೇ ಇಲ್ಲ. ಸಮಾಜಕ್ಕೆ ಬೇಕಾದ್ದನ್ನು ಅಗ್ಗವಾಗಿ ಒದಗಿಸಬಲ್ಲವನೂ ಆದಾಯ ಕಳೆದುಕೊಂಡವನೂ ಒಬ್ಬನೇ ಆಗಿರಬೇಕೆಂಬ ನಿಯಮ ಎಲ್ಲೂ ಇಲ್ಲ.

3. ಮೂರನೆಯದು ಕಾಲ. ಇದಕ್ಕೆ ಒಂದೆರಡು ವಾಕ್ಯ ಸಾಲದು.

ನೂರು ಹೆಕ್ಟೇರಿನ ಒಂದು ಬಯಲು ಸೀಮೆಯ ಹಿಡುವಳಿಯನ್ನು ತೆಗೆದುಕೊಳ್ಳಿ. ಹಳೆಯ ದರದಲ್ಲಿ ಅದಕ್ಕೆ ವರ್ಷಕ್ಕೆ ಬರುತ್ತಿದ್ದದ್ದು ಸುಮಾರು 23,300 ಪೌಂಡ್. ಇದನ್ನು 2021ರಿಂದ 2027ರವರೆಗೆ ಮೆಲ್ಲಗೆ ಇಳಿಸುತ್ತೇವೆ, ರೈತರಿಗೆ ಹೊಂದಿಕೊಳ್ಳಲು ಸಮಯ ಸಿಗುತ್ತದೆ ಎಂಬುದು ಮೊದಲ ಮಾತು. 2024ರ ಅಕ್ಟೋಬರ್‌ನ ಬಜೆಟ್ಟಿನಲ್ಲಿ ವೇಗ ಒಮ್ಮೆಗೇ ಹೆಚ್ಚಿತು. 2025ರಲ್ಲಿ ಮೊದಲ 30,000 ಪೌಂಡಿನ ಮೇಲೆ 76 ಶೇಕಡಾ ಕಡಿತ, ಅದಕ್ಕಿಂತ ಮೇಲಿನದಕ್ಕೆ ಪಾವತಿಯೇ ಇಲ್ಲ. ನಮ್ಮ ಹಿಡುವಳಿಗೆ ಉಳಿದದ್ದು ಸುಮಾರು 5,600. 2026ಕ್ಕೆ ಕಡಿತ 98 ಶೇಕಡಾ, ಉಳಿಯುವುದು 500 ಪೌಂಡಿಗೂ ಕಡಿಮೆ. ಹೋಗಲಿ, ಹೊಸ ಯೋಜನೆಗೆ ಸೇರಿಕೊಳ್ಳಲಿ ಎನ್ನೋಣ. 2025ರ ಮಾರ್ಚ್ 11ರಂದು ಅದೇ ಸುಸ್ಥಿರ ಬೇಸಾಯ ಯೋಜನೆ ಹೊಸ ಅರ್ಜಿಗಳಿಗೆ ಬಾಗಿಲು ಹಾಕಿತು, ಮುನ್ಸೂಚನೆಯಿಲ್ಲದೆ. ಮುಚ್ಚುವುದಾದರೆ ಆರು ವಾರದವರೆಗೆ ಮೊದಲೇ ತಿಳಿಸುತ್ತೇವೆ ಎಂದು ಸರ್ಕಾರವೇ ಹೇಳಿತ್ತು. ಹಣ ಪೂರ್ತಿ ಹಂಚಿಕೆಯಾಯಿತು ಎಂಬುದು ಕೊಟ್ಟ ಕಾರಣ. ಆಗಲೇ ಒಪ್ಪಂದ ಮಾಡಿಕೊಂಡವರಿಗೆ ಪಾವತಿ ನಿಲ್ಲಿಸಲಿಲ್ಲ ಎಂಬುದನ್ನೂ ಹೇಳಬೇಕು, ಅದು ನ್ಯಾಯ. ಆದರೆ ಆ ಒಪ್ಪಂದಗಳ ಆಯುಷ್ಯ ಸಾಮಾನ್ಯವಾಗಿ ಮೂರು ವರ್ಷ. ಬೇಲಿಸಾಲು ದಟ್ಟವಾಗಲು ಅದಕ್ಕಿಂತ ಹೆಚ್ಚು ಕಾಲ ಬೇಕು, ಮಣ್ಣಿನ ಸಾವಯವ ಅಂಶ ಏರಲು ಇನ್ನೂ ಹೆಚ್ಚು, ಮರಕ್ಕೆ ಒಂದು ತಲೆಮಾರು.

ಇದನ್ನು ಒಂದು ಸರ್ಕಾರದ ಎಡವಟ್ಟು ಎಂದು ಕೈತೊಳೆದುಕೊಳ್ಳುವಂತಿಲ್ಲ. ಬ್ರಿಟನ್ನಿನ ಸಂಸತ್ತು ತನ್ನ ಮುಂದಿನ ಸಂಸತ್ತನ್ನು ಕಟ್ಟಿಹಾಕಲಾರದು, ಅಲ್ಲಿನ ಸಾರ್ವಭೌಮತ್ವದ ಅರ್ಥವೇ ಅದು. ಮೊದಲ ಮಹಾಯುದ್ಧದಲ್ಲಿ, 1917ರಲ್ಲಿ, ಗೋಧಿ ಮತ್ತು ಓಟ್ಸ್‌ಗೆ ಕನಿಷ್ಠ ಬೆಲೆಯ ಖಾತ್ರಿ ಕೊಟ್ಟರು. 1920ರ ಕೃಷಿ ಕಾಯ್ದೆ ಅದನ್ನು ಮುಂದುವರಿಸಿ, ತೆಗೆಯಬೇಕಾದರೆ ನಾಲ್ಕು ವರ್ಷದ ಮುನ್ಸೂಚನೆ ಕೊಡಬೇಕು ಎಂದಿತು. ಧಾನ್ಯದ ಬೆಲೆ ಕುಸಿದು ಖಜಾನೆಗೆ ಭಾರ ಕಂಡಕೂಡಲೇ 1921ರಲ್ಲಿ ಆ ಖಾತ್ರಿಯನ್ನೇ ರದ್ದುಮಾಡಿದರು. ವರ್ಷವೂ ತುಂಬಿರಲಿಲ್ಲ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಅದಕ್ಕೆ ಮಹಾದ್ರೋಹ ಎಂಬ ಹೆಸರು ಉಳಿಯಿತು. ಒಕ್ಕೂಟದಲ್ಲಿದ್ದಾಗ ಹೀಗೆ ಮಾಡಲು ಸಾಧ್ಯವಿರಲಿಲ್ಲ. ಬ್ರಸೆಲ್ಸ್‌ನವರು ಹೆಚ್ಚು ದಯಾಳುಗಳಾಗಿದ್ದರು ಎಂದಲ್ಲ. ಅಲ್ಲಿ ಬಜೆಟ್ಟು ಏಳು ವರ್ಷಕ್ಕೊಮ್ಮೆ, ಎಲ್ಲ ಸದಸ್ಯ ದೇಶಗಳೂ ಒಪ್ಪಿದ ಮೇಲೆ ಗೊತ್ತಾಗುತ್ತದೆ. ಲಂಡನ್ನಿನ ಹಣಕಾಸು ಸಚಿವರು ಆಸ್ಪತ್ರೆಯ ಕೊರತೆ ತುಂಬಲು ಕೃಷಿಯ ಬಾಬ್ತಿಗೆ ಕೈಹಾಕುವಂತಿರಲಿಲ್ಲ. ಹಣ ನಮ್ಮದಾಯಿತು ಎಂದರೆ, ಪ್ರತಿ ವರ್ಷ ಅದನ್ನು ಹಿಂದಕ್ಕೆ ಪಡೆಯುವ ಅಧಿಕಾರವೂ ನಮ್ಮದಾಯಿತು ಎಂದೇ ಅರ್ಥ. ಇಂಗ್ಲೆಂಡಿಗೆ ವರ್ಷಕ್ಕೆ 240 ಕೋಟಿ ಪೌಂಡ್ ಎಂಬ ಅಂಕಿಯನ್ನು ಹಿಂದಿನ ಸರ್ಕಾರ ಕಾಪಾಡಿತು, ನಿಜ. ಅಂಕಿ ಕದಲಲಿಲ್ಲ, ಅಷ್ಟರಲ್ಲಿ ಉಕ್ರೇನ್ ಯುದ್ಧ ಬಂದು ಗೊಬ್ಬರ, ಡೀಸೆಲ್, ಮೇವು ಎಲ್ಲದರ ಬೆಲೆ ಏರಿತು.

ಆಕ್ಷೇಪಗಳಿವೆ. ಯುರೋಪಿನಲ್ಲಿ ಮಾತ್ರ ಭರವಸೆ ಗಟ್ಟಿಯಾಗಿದೆಯೇ ಎಂದು ಕೇಳಬಹುದು. 2024ರ ಚಳಿಗಾಲದಲ್ಲಿ ರೈತರು ಟ್ರ್ಯಾಕ್ಟರುಗಳೊಡನೆ ಬ್ರಸೆಲ್ಸ್‌ಗೆ ನುಗ್ಗಿದ ಮೇಲೆ ಅಲ್ಲಿಯೂ ಪರಿಸರ ಷರತ್ತುಗಳು ಸಡಿಲವಾದವು. 2028ರಿಂದ ಶುರುವಾಗುವ ಬಜೆಟ್ಟಿನಲ್ಲಿ ಕೃಷಿಯ ಪ್ರತ್ಯೇಕ ನಿಧಿಯನ್ನು ದೊಡ್ಡ ನಿಧಿಯೊಂದರಲ್ಲಿ ವಿಲೀನ ಮಾಡುವ ಪ್ರಸ್ತಾಪವನ್ನು 2025ರ ಜುಲೈನಲ್ಲಿ ಐರೋಪ್ಯ ಆಯೋಗವೇ ಮುಂದಿಟ್ಟಿತು. ಆದರೂ ಪ್ರಸ್ತಾಪಕ್ಕೂ ಜಾರಿಗೂ ನಡುವೆ ಎರಡೂವರೆ ವರ್ಷದ ಚೌಕಾಸಿಯಿದೆ, ರೈತನಿಗೆ ಮೊದಲೇ ಗೊತ್ತಿದೆ. ಇದಕ್ಕಿಂತ ಬಲವಾದ ಆಕ್ಷೇಪ ಇನ್ನೊಂದು. ಬದಲಿಸಲು ಬಾರದ ಭರವಸೆಯೇ ಅಲ್ಲವೇ ಬೆಣ್ಣೆಯ ಬೆಟ್ಟವನ್ನು ದಶಕಗಟ್ಟಲೆ ಕಾಪಾಡಿದ್ದು? ಜನ ಆರಿಸಿದ ಸರ್ಕಾರಕ್ಕೆ ನೀತಿ ಬದಲಿಸುವ ಹಕ್ಕು ಬೇಡವೇ? ಈ ಆಕ್ಷೇಪಕ್ಕೆ ಪೂರ್ತಿ ಉತ್ತರ ನನ್ನಲ್ಲಿಲ್ಲ, ಯಾರಲ್ಲಿಯೂ ಇರಲಾರದು. ಒಕ್ಕೂಟದಲ್ಲಿ ಕೆಟ್ಟ ನೀತಿ ಗಟ್ಟಿಯಾಗಿ ನಿಂತಿತ್ತು, ಹೊರಗೆ ಒಳ್ಳೆಯ ನೀತಿ ನಿಲ್ಲದೆ ಹೊಯ್ದಾಡುತ್ತಿದೆ. ಆದರೆ ಇವೆರಡರ ನಡುವೆ ದಾರಿಯೇ ಇಲ್ಲವೆಂದಲ್ಲ. ಅದೇ ಬ್ರಿಟನ್ 2008ರ ಹವಾಮಾನ ಬದಲಾವಣೆ ಕಾಯ್ದೆಯಲ್ಲಿ ಐದೈದು ವರ್ಷದ ಇಂಗಾಲದ ಮಿತಿಯನ್ನು ಹತ್ತು ಹನ್ನೆರಡು ವರ್ಷ ಮೊದಲೇ ಕಾನೂನಿನಲ್ಲಿ ಗೊತ್ತುಮಾಡುವ, ಸ್ವತಂತ್ರ ಸಮಿತಿಯೊಂದು ಅದರ ಮೇಲೆ ಕಣ್ಣಿಡುವ ಏರ್ಪಾಡು ಮಾಡಿಕೊಂಡಿದೆ. ಸಂಸತ್ತು ಅದನ್ನೂ ಬದಲಿಸಬಹುದು, ಆದರೆ ಸಂಜೆ ಹೊತ್ತಿಗೆ ಒಂದು ಪ್ರಕಟಣೆ ಹೊರಡಿಸಿ ಮುಗಿಸುವಂತಿಲ್ಲ. ಎದ್ದುನಿಂತು ಕಾರಣ ಹೇಳಬೇಕು, ಮತ ಹಾಕಬೇಕು. ಕೃಷಿಗೂ ಇಂಥ ಕಟ್ಟು ಬೇಕು: ಪರಿಸರದ ಒಪ್ಪಂದಗಳಿಗೆ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಅವಧಿ, ಅದಕ್ಕೆ ಕಾನೂನಿನಲ್ಲಿ ನಮೂದಾದ ಮೊತ್ತ, ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಸಹಾಯಧನದ ಜೊತೆ ಕೂಡಿಸಿ ನೋಡುವ ಹೊಣೆ.

2020ರ ಕಾಯ್ದೆಯಲ್ಲಿ ಈ ದಿಕ್ಕಿನ ಅರ್ಧ ಹೆಜ್ಜೆ ಇದೆ. ಸರ್ಕಾರ ಹಲವು ವರ್ಷದ ಯೋಜನೆಯನ್ನು ಪ್ರಕಟಿಸಬೇಕು ಎನ್ನುತ್ತದೆ ಅದು. ಮೊದಲ ಯೋಜನೆಯ ಏಳು ವರ್ಷ 2027ರ ಡಿಸೆಂಬರ್‌ಗೆ ಮುಗಿಯುತ್ತದೆ, ಮುಂದಿನದು ಐದು ವರ್ಷಕ್ಕಿಂತ ಕಡಿಮೆ ಇರುವಂತಿಲ್ಲ. ಯೋಜನೆಯಲ್ಲಿ ಉದ್ದೇಶಗಳನ್ನು ಬರೆಯುವುದು ಕಡ್ಡಾಯ. ಎಷ್ಟು ಹಣ ಎಂಬುದನ್ನು ಕಾಯ್ದೆ ಗೊತ್ತುಮಾಡಿಲ್ಲ.